ಮಳೆಗಾಲದ ನಿಸರ್ಗಚಿತ್ರಕ್ಕೆ ಆಯಿಲ್ ಪೇಸ್ಟಲ್: ಯಾವ ಕಾಗದ, ಎಂಥ ತಳ, ಎಷ್ಟು ಬಾಳಿಕೆ?

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಆಷಾಢದಲ್ಲಿ ನಮ್ಮ ಕಡೆ ಜಲವರ್ಣ ಹಿಡಿದು ಹೊರಗೆ ಕೂರುವುದು ಆಗದ ಮಾತು. ಮೊದಲ ಪದರ ಒಣಗುವಷ್ಟರಲ್ಲಿ ಬೆಳಕೇ ಬದಲಾಗಿರುತ್ತದೆ. ಜಗಲಿಯಲ್ಲಿ ಕುಳಿತರೂ ಎರಚಲು ಬಿಡುವುದಿಲ್ಲ. ಹಾಗಾಗಿ ಈ ಮಳೆಗಾಲದಲ್ಲಿ ಆಯಿಲ್ ಪೇಸ್ಟಲ್, ಅಂದರೆ ಎಣ್ಣೆ ಮತ್ತು ಮೇಣ ಬೆರೆತ ಬಣ್ಣದ ಕಡ್ಡಿ, ಕೈಗೆತ್ತಿಕೊಂಡಿದ್ದೇನೆ. ಹನಿ ಬಿದ್ದರೆ ಒರೆಸಿದರಾಯಿತು, ಒಣಗಲು ಕಾಯಬೇಕಾಗಿಲ್ಲ, ಒಂದು ಡಬ್ಬಿ ಮತ್ತು ಒಂದು ಹಲಗೆ ಇದ್ದರೆ ಸಾಕು. ಇಷ್ಟು ವರ್ಷ ಬೇಸಿಗೆಗಾಗಿ ಕಾಯುತ್ತಿದ್ದ ನನಗೆ ಮಳೆಯಲ್ಲೇ ಮಳೆಯನ್ನು ಬರೆಯಬಹುದು ಎಂಬುದೇ ದೊಡ್ಡ ಸಂತೋಷ.

ತೊಡಕು ಇರುವುದು ಹಸಿರಿನಲ್ಲಿ. ನಮ್ಮ ಮನೆಯ ಮುಂದೆ ನಿಂತರೆ ನಾಟಿಯಾದ ಗದ್ದೆಯ ಎಳೆ ಹಸಿರು, ಅದರಾಚೆ ಅಡಿಕೆ ತೋಟದ ಕಡು ಹಸಿರು, ಹಿಂದೆ ಮಂಜು ಮುಸುಕಿದ ಗುಡ್ಡದ ಬೂದು ನೀಲಿ ಕಾಣುತ್ತವೆ. ಇವನ್ನು ಒಂದರ ಮೇಲೊಂದು ಹಚ್ಚುತ್ತ ಹೋದರೆ ಸ್ವಲ್ಪ ಹೊತ್ತಿಗೆ ಕಾಗದ ನುಣುಪಾಗಿ ಕಡ್ಡಿ ಜಾರತೊಡಗುತ್ತದೆ. ಮೇಲಿನ ಬಣ್ಣ ಕೂರುವ ಬದಲು ಕೆಳಗಿನದನ್ನು ಎಬ್ಬಿಸಿ ಎಲ್ಲವೂ ಪಾಚಿಬಣ್ಣಕ್ಕೆ ತಿರುಗುತ್ತವೆ. ದಪ್ಪ ಡ್ರಾಯಿಂಗ್ ಶೀಟಿನಲ್ಲೂ ಹೀಗೆಯೇ. ಇನ್ನೂ ಒಳ್ಳೆಯ ಕಡ್ಡಿ ಕೊಳ್ಳಬೇಕೇ, ಕಾಗದ ಬದಲಿಸಬೇಕೇ? ನಮ್ಮ ತೇವದಲ್ಲಿ ಈ ಚಿತ್ರಗಳು ಉಳಿಯುತ್ತವೆಯೇ? ಇನ್ನೊಂದು ವಿಷಯ: ಪ್ರದರ್ಶನಕ್ಕೆ ಕೊಡುತ್ತೇನೆ ಎಂದಾಗ ಪರಿಚಿತರೊಬ್ಬರು, ಅದು ಶಾಲಾ ಮಕ್ಕಳ ಬಣ್ಣವಲ್ಲವೇ ಎಂದರು. ನಿಮ್ಮೆಲ್ಲರ ಅನುಭವ ತಿಳಿಸಿ.

ಡ್ರಾಯಿಂಗ್ ಮೇಷ್ಟ್ರು, ಧಾರವಾಡ

ತಂಗಿ, ಕೊನೆಯ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ, ಏಕೆಂದರೆ ಅದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆಯಿಲ್ ಪೇಸ್ಟಲ್ ಹುಟ್ಟಿದ್ದು ಮಕ್ಕಳಿಗಾಗಿ ಎನ್ನುವುದು ನಿಜ. ಮಕ್ಕಳು ಮಾದರಿ ಚಿತ್ರ ನಕಲು ಮಾಡುವುದನ್ನು ಬಿಟ್ಟು ತಾವು ಕಂಡದ್ದನ್ನು ಬರೆಯಲಿ ಎಂದು ಜಪಾನಿನಲ್ಲಿ ಕನಾಎ ಯಮಾಮೊಟೊ ಎಂಬ ಕಲಾವಿದ ಚಳವಳಿಯನ್ನೇ ನಡೆಸಿದ. ಅದರ ಪ್ರಭಾವದಿಂದ ಸಕುರಾ ಕಂಪನಿ 1925ರಲ್ಲಿ ಕ್ರೇಪಾಸ್ ಎಂಬ ಕಡ್ಡಿಗಳನ್ನು ತಂದಿತು. ಆಮೇಲೆ 1949ರಲ್ಲಿ ಪ್ಯಾರಿಸ್ಸಿನಲ್ಲಿ ಹೆನ್ರಿ ಗೋಟ್ಸ್ ಎಂಬ ಚಿತ್ರಕಾರ, ಪಿಕಾಸೊ ಅವರಿಗೂ ತನಗೂ ಕಾಗದ, ಮರ, ಲೋಹ ಯಾವುದರ ಮೇಲಾದರೂ ನಡೆಯುವ ಕಡ್ಡಿ ಬೇಕೆಂದು ಬಣ್ಣ ತಯಾರಕ ಸೆನೆಲಿಯೆ ಅವರನ್ನು ಕೇಳಿದ. ಕಲಾವಿದರ ದರ್ಜೆಯ ಆಯಿಲ್ ಪೇಸ್ಟಲ್ ಬಂದದ್ದು ಹೀಗೆ. ಮಕ್ಕಳ ಕೈಗೆ ಸ್ವಾತಂತ್ರ್ಯ ಕೊಟ್ಟ ವಸ್ತು ದೊಡ್ಡವರ ಕೈಗೆ ಬಂದಾಗ ಕೀಳಾಗುತ್ತದೆಯೇ? ಧೈರ್ಯವಾಗಿ ಪ್ರದರ್ಶನಕ್ಕೆ ಕೊಡಿ.

ಇನ್ನು ಹಸಿರು. ನಿಮ್ಮ ಕಡ್ಡಿಯಲ್ಲಿ ದೋಷವಿಲ್ಲ, ಕಾಗದಕ್ಕೆ ಹಿಡಿತವಿಲ್ಲ. ಆಯಿಲ್ ಪೇಸ್ಟಲ್‌ನಲ್ಲಿರುವುದು ಬಣ್ಣದ ಪುಡಿ, ಮೇಣ ಮತ್ತು ಒಣಗದ ಎಣ್ಣೆ. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ. ಪೇಸ್ಟಲ್‌ನ ಎಣ್ಣೆ ಎಂದಿಗೂ ಪೂರ್ತಿ ಗಟ್ಟಿಯಾಗುವುದಿಲ್ಲ. ಆದ್ದರಿಂದ ಕೆಳಪದರ ಸದಾ ಹಸಿಯಾಗಿಯೇ ಇರುತ್ತದೆ. ಕಾಗದದ ತರಿಗಳು ತುಂಬಿಹೋದ ಮೇಲೆ ಹೊಸ ಬಣ್ಣಕ್ಕೆ ನಿಲ್ಲಲು ಜಾಗವೇ ಇರುವುದಿಲ್ಲ. ಐದು ಸಾವಿರ ರೂಪಾಯಿಯ ಡಬ್ಬಿ ತಂದರೂ ನುಣುಪಾದ ಕಾಗದದಲ್ಲಿ ಇದೇ ಗತಿ. ಕಾಟನ್ ಜಲವರ್ಣ ಕಾಗದ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪನೆಯದು), ಒರಟು ಮೈಯದ್ದು ತೆಗೆದುಕೊಳ್ಳಿ. ಅದಕ್ಕೆ ಅಕ್ರಿಲಿಕ್ ಗೆಸ್ಸೊ, ಅಂದರೆ ಚಿತ್ರಕ್ಕೆ ಮೊದಲು ಬಳಿಯುವ ಬಿಳಿ ತಳಬಣ್ಣ, ಎರಡು ಕೈ ಹಚ್ಚಿ, ಒಂದು ಅಡ್ಡ, ಒಂದು ಉದ್ದ. ಗೆಸ್ಸೊ ಎಣ್ಣೆಯನ್ನು ಕಾಗದಕ್ಕೆ ಇಳಿಯದಂತೆ ತಡೆಯುತ್ತದೆ, ಹಿಡಿತವನ್ನೂ ಕೊಡುತ್ತದೆ.

ಹಸಿರಿನ ಕೆಳಗೆ ಹಸಿರು ಹಾಕಬೇಡಿ. ಮೊದಲು ಇಟ್ಟಿಗೆ ಕೆಂಪು ಅಥವಾ ಕಂದು ಹಗುರವಾಗಿ ಹಚ್ಚಿ, ಅದರ ಮೇಲೆ ಹಸಿರು ಎಳೆಯಿರಿ. ಅಲ್ಲಲ್ಲಿ ಇಣುಕುವ ಕೆಂಪಿನಿಂದ ಹಸಿರಿಗೆ ಜೀವ ಬರುತ್ತದೆ. ಡಬ್ಬಿಯ ಹಸಿರನ್ನು ನೇರವಾಗಿ ಬಳಸಿದರೆ ಮಲೆನಾಡು ಪ್ಲಾಸ್ಟಿಕ್ ಆಗುತ್ತದೆ. ಪ್ರತಿ ಗೆರೆಯ ನಂತರ ಕಡ್ಡಿಯ ತುದಿಯನ್ನು ಬಟ್ಟೆಯಲ್ಲಿ ಒರೆಸುವುದನ್ನು ಮರೆಯಬೇಡಿ. ಪಾಚಿಬಣ್ಣದ ಅರ್ಧ ಪಾಲು ಕೊಳೆಯಾದ ಕಡ್ಡಿಯಿಂದಲೇ ಬರುತ್ತದೆ.

ಕಡಲಂಚು, ಹೊನ್ನಾವರ

ಮೇಷ್ಟ್ರೇ, ತಳದ ವಿಷಯ ಒಪ್ಪುತ್ತೇನೆ. ಆದರೆ ಕಡ್ಡಿಗೆ ಪಾತ್ರವೇ ಇಲ್ಲ ಎನ್ನುವಂತೆ ಬರೆದದ್ದನ್ನು ಒಪ್ಪಲಾರೆ. ಶಾಲಾ ಡಬ್ಬಿಯ ಕಡ್ಡಿಯಲ್ಲಿ ಮೇಣ ಹೆಚ್ಚು, ಬಣ್ಣ ಕಡಿಮೆ. ಗಟ್ಟಿ ಕಡ್ಡಿಯಿಂದ ಗಟ್ಟಿ ಕಡ್ಡಿಯ ಮೇಲೆ ಬರೆದರೆ ಕೆರೆದಂತಾಗುತ್ತದೆ, ಕೂರುವುದಿಲ್ಲ. ಮೆದು ಕಡ್ಡಿ ಮೇಲೆ ನಿಲ್ಲುತ್ತದೆ. ನಾನು ಮಾಡುವುದು ಇಷ್ಟು: ಕೆಳಗಿನ ಪದರಗಳಿಗೆಲ್ಲ ಅಗ್ಗದ ಗಟ್ಟಿ ಕಡ್ಡಿ, ಕೊನೆಯ ಬೆಳಕಿಗೆ ಮತ್ತು ಹೊಳಪಿಗೆ ಮಾತ್ರ ಮೆದುವಾದ ದುಬಾರಿ ಕಡ್ಡಿ. ಹತ್ತು ಹನ್ನೆರಡು ಬಣ್ಣ ಬಿಡಿಯಾಗಿ ಕೊಂಡರೆ ಸಾಕು. ಬಿಳಿ ಮಾತ್ರ ಹೆಚ್ಚು ಇರಲಿ, ಅದೇ ಬೇಗ ಮುಗಿಯುವುದು.

ನನ್ನ ವಿಷಯ ಚಿರೆಕಲ್ಲು. ನಮ್ಮಲ್ಲಿ ಪಾಗಾರವೆಲ್ಲ, ಅಂದರೆ ಕಾಂಪೌಂಡ್ ಗೋಡೆಗಳೆಲ್ಲ, ಅದರದೇ. ಕ್ವಾರಿಯಲ್ಲಿ ಆಗಷ್ಟೇ ಕಡಿದ ಕಲ್ಲು ಮೆದುವಾಗಿ ಅರಿಶಿನಗೆಂಪು ಇರುತ್ತದೆ, ಗಾಳಿಗೆ ಗಟ್ಟಿಯಾಗುತ್ತ ಗಾಢವಾಗುತ್ತದೆ. ಜುಲೈ ಹೊತ್ತಿಗೆ ಪಾಗಾರದ ನೆತ್ತಿಯಲ್ಲಿ ಹಾವಸೆ, ಅದರ ಕೆಳಗೆ ನೀರಿಳಿದ ಕಪ್ಪು ಪಟ್ಟಿ, ತೂತುಗಳೊಳಗೆ ನೇರಳೆ ನೆರಳು, ಮೂಲೆಯಲ್ಲಿ ಜರಿಗಿಡ. ಇದನ್ನು ಬ್ರಷ್‌ನಲ್ಲಿ ಬರೆಯುವುದು ಪ್ರಯಾಸ. ಪೇಸ್ಟಲ್‌ನಲ್ಲಿ ಮೊದಲು ಹಳದಿಗೆಂಪನ್ನು ದಟ್ಟವಾಗಿ ಹಚ್ಚಿ, ಅದರ ಮೇಲೆ ಕಡು ನೇರಳೆ ಹಚ್ಚಿ, ಬಿದಿರು ಕಡ್ಡಿಯಿಂದ ಕೆರೆಯಿರಿ. ಕೆರೆದಲ್ಲೆಲ್ಲ ಕಲ್ಲು ಎದ್ದು ಬರುತ್ತದೆ. ಮಳೆಯ ಗೆರೆಗಳಿಗೂ ಇದೇ ಉಪಾಯ: ತಿಳಿ ಬೂದಿಯ ಮೇಲೆ ಗಾಢ ಬಣ್ಣ, ದಬ್ಬಣದ ತುದಿಯಿಂದ ಓರೆಯಾಗಿ ಗೀರು.

ಬಣ್ಣ ಬೆರೆಸಲು ನಾನು ಬೆರಳಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಮುಟ್ಟಿಸಿಕೊಳ್ಳುತ್ತೇನೆ. ತುಂಬಾ ಸಲೀಸು.

ಫ್ರೇಮ್ ಕಟ್ಟುವವನು, ಬೆಂಗಳೂರು

ಕೊಬ್ಬರಿ ಎಣ್ಣೆ ದಯವಿಟ್ಟು ಬೇಡ, ಸರ್. ಹಳೆಯ ಚಿತ್ರಗಳನ್ನು ಮತ್ತೆ ಕಟ್ಟಲು ತಂದಾಗ ನಾನು ನೋಡುವುದು ಇದನ್ನೇ: ಬಣ್ಣದ ಸುತ್ತ ಹಳದಿ ಉಂಗುರ, ಹಿಂಬದಿಯಲ್ಲಿ ಎಣ್ಣೆಯ ನಕ್ಷೆ, ಮೂಗಿಗೆ ಕಮಟು ವಾಸನೆ. ಅಡುಗೆಯ ಎಣ್ಣೆ ಕಾಲ ಕಳೆದಂತೆ ಕಮಟುತ್ತದೆ. ಅದರಲ್ಲೂ ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುವ ಸ್ವಭಾವದ್ದು, ಚಳಿಗಾಲದ ಬೆಳಿಗ್ಗೆ ಚಿತ್ರದ ಮೇಲೆ ಬಿಳಿ ಪೊರೆ ಕಂಡರೂ ಆಶ್ಚರ್ಯವಿಲ್ಲ. ತೆಳು ಮಾಡಲೇಬೇಕೆಂದರೆ ವಾಸನೆ ಇಲ್ಲದ ಮಿನರಲ್ ಸ್ಪಿರಿಟ್ ಅಥವಾ ಟರ್ಪಂಟೈನ್ ಅನ್ನು ಬ್ರಷ್ ತುದಿಗೆ ಮುಟ್ಟಿಸಿಕೊಂಡು, ಗೆಸ್ಸೊ ಹಚ್ಚಿದ ಮೈಮೇಲೆ ಮಾತ್ರ, ಕಿಟಕಿ ತೆರೆದಿಟ್ಟು ಬಳಸಿ. ಅದು ಆರಿಹೋಗುತ್ತದೆ, ಉಳಿಯುವುದು ಬಣ್ಣ ಮಾತ್ರ.

ತುಂಗಾತೀರ ಅವರ ಬಾಳಿಕೆಯ ಪ್ರಶ್ನೆಗೆ ಬರುತ್ತೇನೆ. ಈ ಬಣ್ಣ ಒಣಗುವುದಿಲ್ಲವಾದ್ದರಿಂದ ಗಾಜು ಅದನ್ನು ಮುಟ್ಟಲೇಬಾರದು. ಮುಟ್ಟಿದರೆ ಅಂಟುತ್ತದೆ, ಬಿಡಿಸಲು ಹೋದರೆ ಚಿತ್ರದ ಅರ್ಧ ಗಾಜಿನಲ್ಲೇ ಉಳಿಯುತ್ತದೆ. ಎರಡು ಪದರ ಮೌಂಟ್ ಬೋರ್ಡ್ ಹಾಕಿಸಿ ಅಥವಾ ಚೌಕಟ್ಟಿನ ಒಳಗೆ ಸಣ್ಣ ಪಟ್ಟಿ ಕೂರಿಸಲು ಹೇಳಿ, ನಡುವೆ ನಾಲ್ಕೈದು ಮಿಲಿಮೀಟರ್ ಗಾಳಿ ಇರಲಿ. ಮೌಂಟ್ ಬೋರ್ಡ್ ಆಮ್ಲರಹಿತವಾಗಿರಬೇಕು. ಲ್ಯಾಮಿನೇಷನ್ ಮಾಡಿಸುವ ಯೋಚನೆಯನ್ನೇ ಬಿಡಿ, ಬಿಸಿ ಉರುಳೆಗೆ ಸಿಕ್ಕ ಮೇಣ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಸಾಮಾನ್ಯ ಪೇಸ್ಟಲ್‌ನ ಪುಡಿ ಉದುರದಂತೆ ಸಿಂಪಡಿಸುವ ಫಿಕ್ಸೇಟಿವ್ ಇದಕ್ಕೆ ಹಿಡಿಯುವುದಿಲ್ಲ. ಆಯಿಲ್ ಪೇಸ್ಟಲ್‌ಗೆಂದೇ ಬೇರೆ ಸ್ಪ್ರೇ ಸಿಗುತ್ತದೆ. ಅದು ಮೈಮೇಲೆ ತೆಳು ಪೊರೆ ಕೊಡುತ್ತದೆ, ಗಾಜಿಗೆ ಬದಲಿಯಲ್ಲ.

ಮಲೆನಾಡಿನಲ್ಲಿ ನನಗಿರುವ ಭಯ ಬಣ್ಣಕ್ಕಲ್ಲ, ಕಾಗದಕ್ಕೆ. ಬೂಸಲು ಹಿಡಿಯುವುದು ಕಾಗದದ ಅಂಟಿಗೆ ಮತ್ತು ಹಿಂಬದಿಯ ರಟ್ಟಿಗೆ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ, ಅಲ್ಲಿ ಹೊರಗೋಡೆಗೆ ಚಿತ್ರ ತೂಗುಹಾಕಬಾರದು. ಒಳಗೋಡೆಗೇ ಹಾಕಿ, ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಿರಡೆಯ ತುಂಡು ಅಂಟಿಸಿ. ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿ ಓಡಾಡಬೇಕು. ಕಟ್ಟಿಸದ ಚಿತ್ರಗಳ ನಡುವೆ ಗ್ಲಾಸಿನ್ ಎಂಬ ನುಣುಪಾದ ತೆಳು ಕಾಗದ ಅಥವಾ ಬಟರ್ ಪೇಪರ್ ಇಟ್ಟು, ಮಲಗಿಸಿ, ಮೇಲೆ ಭಾರ ಹೇರದೆ ಇಡಿ.

ಕಡಲಂಚು, ಹೊನ್ನಾವರ

ಸ್ಕೆಚ್ ಪುಸ್ತಕದ ಟಿಪ್ಪಣಿಗೆ ಎಣ್ಣೆ ಮುಟ್ಟಿಸುವುದನ್ನು ಮುಂದುವರಿಸುತ್ತೇನೆ, ಅದು ನನ್ನ ಕಣ್ಣಿಗಷ್ಟೇ. ಕೊಡುವ ಚಿತ್ರಕ್ಕೆ ನೀವು ಹೇಳಿದಂತೆಯೇ ಸರಿ. ಬಿರಡೆಯ ಉಪಾಯ ಕರಾವಳಿಯ ಪ್ರತಿ ಮನೆಗೂ ಬೇಕು.

ಬಿಸಿಲನಾಡು, ರಾಯಚೂರು

ನಿಮ್ಮೆಲ್ಲರಿಗೆ ಮಳೆಯ ಚಿಂತೆ, ನಮಗೆ ಬಿಸಿಲಿನದು. ಏಪ್ರಿಲ್‌ನಲ್ಲಿ ಇಲ್ಲಿ ಪಾದರಸ 40 ದಾಟುತ್ತದೆ. ಮುದಗಲ್ ಕೋಟೆಯ ಬಂಡೆಗಳನ್ನು ಬರೆಯಲು ಕುಳಿತರೆ ಡಬ್ಬಿಯ ಕಡ್ಡಿಗಳೆಲ್ಲ ಬೆಣ್ಣೆಯಂತಾಗುತ್ತವೆ. ಮೊದಲು ಇದನ್ನು ಕೊರತೆ ಎಂದುಕೊಳ್ಳುತ್ತಾರೆ, ನಾನು ವರವೆನ್ನುತ್ತೇನೆ. ಮೆತ್ತಗಾದ ಕಡ್ಡಿಯನ್ನು ಪ್ಯಾಲೆಟ್ ನೈಫಿನಿಂದ ತೆಗೆದು ಬಂಡೆಯ ಮುಖಗಳನ್ನು ದಪ್ಪಗೆ ಮೆತ್ತುತ್ತೇನೆ. ತೈಲವರ್ಣಕ್ಕೆ ಬೇಕಾದ ಸಾಮಾನಿನ ಗಂಟು ಹೊರದೆ ಅಂಥದೇ ಮೈ ಸಿಗುತ್ತದೆ. ಗೆರೆ ಬೇಕಾದಾಗ ಮಾತ್ರ ಕಷ್ಟ. ಅದಕ್ಕೆ ಒಂದಿಷ್ಟು ಕಡ್ಡಿಗಳನ್ನು ಒದ್ದೆ ಬಟ್ಟೆ ಸುತ್ತಿದ ಸ್ಟೀಲ್ ಡಬ್ಬಿಯಲ್ಲಿ ಬೇರೆ ಇಡುತ್ತೇನೆ.

ಮೇಷ್ಟ್ರು ಹೇಳಿದ ಜಪಾನಿನ ಕಡ್ಡಿಗಳನ್ನು ಮೊದಮೊದಲು ಬೇಸಿಗೆಗೆ ಗಟ್ಟಿಯಾಗಿ, ಚಳಿಗಾಲಕ್ಕೆ ಮೆದುವಾಗಿ ಎರಡು ಬಗೆಯಲ್ಲಿ ಮಾಡುತ್ತಿದ್ದರಂತೆ. ನಮ್ಮ ರಾಜ್ಯಕ್ಕೂ ಹಾಗೆ ಬೇಕಿತ್ತು, ರಾಯಚೂರಿಗೊಂದು, ಮಡಿಕೇರಿಗೊಂದು.

ಇನ್ನೊಂದು ಅನುಭವ: ಬಂಡೆಗೆ ಉಪ್ಪುಕಾಗದದ ಮೈ ಬಹಳ ಹೊಂದುತ್ತದೆ. ಹಾರ್ಡ್‌ವೇರ್ ಅಂಗಡಿಯ 400 ನಂಬರಿನ ಕರಿ ಕಾಗದದಲ್ಲಿ ಅಭ್ಯಾಸ ಮಾಡಿ ನೋಡಿ. ಕಪ್ಪು ತಳದಿಂದ ಬಂಡೆಯ ಬಿಸಿಲು ಮುಖ ಥಟ್ಟನೆ ಹೊರಬರುತ್ತದೆ. ಆದರೆ ಅದು ಕಡ್ಡಿಯನ್ನು ಬೇಗ ತಿನ್ನುತ್ತದೆ, ಬಡಗಿಗಾಗಿ ಮಾಡಿದ ಕಾಗದ ಹೆಚ್ಚು ದಿನ ಬಾಳುವುದೂ ಇಲ್ಲ. ಅಭ್ಯಾಸಕ್ಕಷ್ಟೇ ಇರಲಿ.

ಹಸೆಗೋಡೆ, ಸಾಗರ

ಉಪ್ಪುಕಾಗದದ ಮೈಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಗೆಸ್ಸೊಗೆ ಬಿಳಿ ರಂಗೋಲಿ ಪುಡಿ ಬೆರೆಸಿ. ಅಂಗಡಿಯಲ್ಲಿ ಸಿಗುವುದು ಬಹುತೇಕ ಕಲ್ಲಿನ ಪುಡಿಯೇ, ಅಕ್ಕಿ ಹಿಟ್ಟಿನದಲ್ಲ ಎಂದು ಕೇಳಿಕೊಂಡು ತನ್ನಿ. ತೆಳು ಮಲ್ ಬಟ್ಟೆಯಲ್ಲಿ ಸೋಸಿ, ನಾಲ್ಕು ಪಾಲು ಗೆಸ್ಸೊಗೆ ಒಂದು ಪಾಲು ಪುಡಿ, ತುಸು ನೀರು. ಸೋಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಕಲ್ಲಿನ ಧೂಳು ಪುಪ್ಪುಸಕ್ಕೆ ಕೆಟ್ಟದ್ದು. ಬಣ್ಣದ ರಂಗೋಲಿ ಪುಡಿ ಬೇಡ, ಅದರ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ.

ನಾನು ಇದಕ್ಕೆ ಒಂದು ಹೆಜ್ಜೆ ಮುಂದೆ ಹೋಗಿ, ತಳಕ್ಕೆ ನಮ್ಮೂರಿನ ಕೆಮ್ಮಣ್ಣನ್ನೇ ಸೇರಿಸುತ್ತೇನೆ. ದೀವರ ಸಮುದಾಯದ ಮನೆಗಳಲ್ಲಿ ಮದುವೆ, ಹಬ್ಬಕ್ಕೆ ಬರೆಯುವ ಹಸೆ ಚಿತ್ತಾರದಲ್ಲಿ ಗೋಡೆಗೆ ಬಳಿಯುವುದು ಕೆಮ್ಮಣ್ಣು, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಹುರಿದು ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಬರೆಯಲು ಪುಂಡಿ ನಾರು. ಅಜ್ಜಿಯಂದಿರು ಯಾವ ಜಾಗದ ಮಣ್ಣು ಚೆನ್ನ ಎಂದು ಕಣ್ಣಳತೆಯಲ್ಲೇ ಹೇಳುತ್ತಾರೆ. ಆ ತಿಳಿವಳಿಕೆಯನ್ನು ನಿಸರ್ಗಚಿತ್ರಕ್ಕೆ ತಂದರೆ ತಪ್ಪೇನು? ಗುಡ್ಡದ ಚಿತ್ರದ ತಳದಲ್ಲಿ ಅದೇ ಗುಡ್ಡದ ಮಣ್ಣು ಇರುವುದು ನನಗೆ ತುಂಬ ಬೇಕಾದ ಸಂಗತಿ.

ಮಾಡುವ ಕ್ರಮ ಹೀಗಿದೆ. ಮಣ್ಣನ್ನು ಒಣಗಿಸಿ ಕುಟ್ಟಿ, ಬಕೆಟ್ ನೀರಿನಲ್ಲಿ ಚೆನ್ನಾಗಿ ಕದಡಿ. ಕ್ಷಣಕಾಲ ಬಿಟ್ಟರೆ ಮರಳು ತಳ ಸೇರುತ್ತದೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ. ಇದನ್ನೇ ಎರಡು ಮೂರು ಸಲ ಮಾಡಿ, ಕೊನೆಗೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಿಳಿನೀರು ಚೆಲ್ಲಿದರೆ ಕೆಳಗೆ ಉಳಿಯುವ ಗಸಿ ಬೆರಳಿಗೆ ತರಿಯೇ ಸಿಗದಷ್ಟು ನುಣುಪು. ಒಣಗಿಸಿ ಅರೆದು ಅಕ್ರಿಲಿಕ್ ಮೀಡಿಯಂ ಜೊತೆ ಗೆಸ್ಸೊಗೆ ಬೆರೆಸಿ. ತಳ ಪೂರ್ತಿ ಒಣಗಿದ ಮೇಲೆ ಪೇಸ್ಟಲ್. ಆಗ ಮೇಷ್ಟ್ರು ಹೇಳಿದ ಇಟ್ಟಿಗೆ ಕೆಂಪು ತಳದಲ್ಲೇ ಸಿದ್ಧವಾಗಿರುತ್ತದೆ, ಹಸಿರು ಹಚ್ಚುವುದಷ್ಟೇ ಕೆಲಸ.

ಕಡ್ಡಿಯನ್ನೂ ಮಾಡಿ ನೋಡಿದ್ದೇನೆ. ಜೇನುಮೇಣ, ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್, ಮಣ್ಣಿನ ಪುಡಿ. ಮೇಣ ಸುಮಾರು 63 ಡಿಗ್ರಿಗೆ ಕರಗುತ್ತದೆ, ಆದ್ದರಿಂದ ನೇರ ಉರಿ ಬೇಡ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ ಕಾಗದದ ಕೊಳವೆಗೆ ಸುರಿಯುವುದು. ಕೊಂಡ ಕಡ್ಡಿಯ ನಯ ಬರುವುದಿಲ್ಲ, ಆದರೆ ಆ ಕೆಂಪು ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ.

ಡ್ರಾಯಿಂಗ್ ಮೇಷ್ಟ್ರು, ಧಾರವಾಡ

ಹಸೆಗೋಡೆಯವರೇ, ಓದಿ ಬಹಳ ಖುಷಿಯಾಯಿತು. ಕೆಮ್ಮಣ್ಣಿನ ಬಣ್ಣ ಕಬ್ಬಿಣದ ಆಕ್ಸೈಡಿನದು, ಬಿಸಿಲಿಗೆ ಜಗ್ಗುವುದಿಲ್ಲ. ಗುಹೆಗಳ ಗೋಡೆಯ ಮೇಲೆ ಸಾವಿರಾರು ವರ್ಷ ಉಳಿದದ್ದು ಇದೇ ಬಣ್ಣ. ಆದರೆ ಇಲ್ಲೊಂದು ಗಡಿ ಹಾಕಿಕೊಳ್ಳೋಣ. ನೈಸರ್ಗಿಕ ಎಂದ ಮಾತ್ರಕ್ಕೆ ಎಲ್ಲವೂ ಬಾಳುವುದಿಲ್ಲ. ಅರಿಶಿನ, ಬೀಟ್‌ರೂಟ್, ಹೂವಿನ ರಸ, ಸೊಪ್ಪಿನ ರಸ ಇವೆಲ್ಲ ಬೆಳಕಿಗೆ ಮಾಸುತ್ತವೆ. ಹಸೆಯನ್ನು ಮದುವೆಗೆ, ಹಬ್ಬಕ್ಕೆ ಮತ್ತೆ ಬರೆಯುತ್ತಾರೆ, ಅಲ್ಲಿ ಸಸ್ಯದ ಹಳದಿ ಮಾಸಿದರೂ ಚಿಂತೆಯಿಲ್ಲ. ಚೌಕಟ್ಟಿನ ಚಿತ್ರಕ್ಕೆ ಆ ಸೌಲಭ್ಯವಿಲ್ಲ.

ಕೊಂಡ ಕಡ್ಡಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಒಳ್ಳೆಯ ಕಡ್ಡಿಯ ಮಾಹಿತಿಯಲ್ಲಿ ಬಣ್ಣದ್ರವ್ಯದ ಸಂಖ್ಯೆ ಇರುತ್ತದೆ: ಪಿಆರ್ 101 ಎಂದರೆ ಕಬ್ಬಿಣದ ಕೆಂಪು, ಪಿಬಿ 29 ಅಲ್ಟ್ರಾಮರೀನ್, ಪಿಜಿ 7 ಥ್ಯಾಲೊ ಹಸಿರು. ಮೂರೂ ಗಟ್ಟಿಗರು. ಸಂಖ್ಯೆಯೇ ಇಲ್ಲದ ಡಬ್ಬಿಯಾದರೆ ಎಲ್ಲ ಬಣ್ಣದ ಪಟ್ಟಿ ಎಳೆದು, ಅರ್ಧಕ್ಕೆ ಕಪ್ಪು ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಬೇಸಿಗೆ ಪೂರ್ತಿ ಅಂಟಿಸಿಡಿ. ಹೊಳೆಯುವ ಗುಲಾಬಿ, ನೇರಳೆಗಳು ಮೊದಲು ಸೋಲುತ್ತವೆ. ಸೋತ ಕಡ್ಡಿಗಳನ್ನು ಮೊಮ್ಮಕ್ಕಳಿಗೆ ಕೊಟ್ಟುಬಿಡಿ.

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ! ರಂಗೋಲಿ ಪುಡಿ ಮತ್ತು ಕೆಮ್ಮಣ್ಣು ಸೇರಿಸಿದ ಗೆಸ್ಸೊ ಹಚ್ಚಿ, ತಳ ಒಣಗಿಸಲು ಒಲೆಯ ಮೇಲಿನ ಅಟ್ಟಕ್ಕೆ ಕಾಗದ ಏರಿಸಿ, ಅದರ ಮೇಲೆ ಗದ್ದೆಯನ್ನು ಬರೆದೆ. ಕಡ್ಡಿ ಇಟ್ಟ ಮೊದಲ ಗೆರೆಯಲ್ಲೇ ವ್ಯತ್ಯಾಸ ಗೊತ್ತಾಯಿತು. ಬಣ್ಣ ಹಿಡಿಯುವ ಸದ್ದೇ ಬೇರೆ. ಎಷ್ಟು ಪದರ ಹಚ್ಚಿದರೂ ಮೇಲಿನದು ನಿಲ್ಲುತ್ತದೆ. ಗದ್ದೆಯ ಬದುಗಳಿಗೆ ನಾನು ಬಣ್ಣವನ್ನೇ ಹಚ್ಚಲಿಲ್ಲ, ತಳದ ಮಣ್ಣನ್ನು ಹಾಗೆಯೇ ಬಿಟ್ಟೆ. ಸಸಿಗಳ ನಡುವೆ ನಿಂತ ನೀರಿಗೆ ತಿಳಿ ಬೂದಿ ಎಳೆದಾಗ ಕೆಳಗಿನ ಕೆಂಪು ಇಣುಕಿ ಕದಡಿದ ಗದ್ದೆನೀರಿನ ಬಣ್ಣ ತಾನಾಗಿ ಬಂತು.

ಒಂದು ಮಾತ್ರ ಇನ್ನೂ ಕೈಗೆ ಸಿಗುತ್ತಿಲ್ಲ: ಮಂಜು. ಗುಡ್ಡದ ಅಂಚು ಕರಗಬೇಕು, ಇಲ್ಲಿ ಒರಟು ತಳ ಗೆರೆಯನ್ನು ಕತ್ತರಿಸಿದಂತೆ ತೋರಿಸುತ್ತದೆ. ಇನ್ನೂ ಒಂದು ಪ್ರಶ್ನೆ, ಅಡಿಕೆ ಹಾಳೆಯ ಮೇಲೆ ಬರೆಯಬಹುದೇ? ಮನೆಯ ತುಂಬ ಇವೆ.

ಡ್ರಾಯಿಂಗ್ ಮೇಷ್ಟ್ರು, ಧಾರವಾಡ

ಮಂಜಿಗೆ ಒಂದೇ ಕಾಗದದಲ್ಲಿ ಎರಡು ತಳ ಮಾಡಿ. ಕೆಳಗಿನ ಗದ್ದೆ ತೋಟಕ್ಕೆ ಒರಟು, ಮೇಲಿನ ಆಕಾಶ ಗುಡ್ಡಕ್ಕೆ ಪುಡಿ ಬೆರೆಸದ ಬರೀ ಗೆಸ್ಸೊ, ಒಣಗಿದ ಮೇಲೆ ಸಣ್ಣಗೆ ಉಜ್ಜಿದ್ದು. ಗುಡ್ಡವನ್ನು ಪೇಸ್ಟಲ್‌ನಲ್ಲಿ ಗೆರೆ ಎಳೆದು ಬರೆಯಬೇಡಿ. ಬೂದು ನೀಲಿಯನ್ನು ತೆಳುವಾಗಿ ಹಚ್ಚಿ, ಮಿನರಲ್ ಸ್ಪಿರಿಟ್ ಮುಟ್ಟಿಸಿದ ಬ್ರಷ್‌ನಿಂದ ಕೆಳಮುಖವಾಗಿ ಒರೆಸಿ, ಮೇಲಿಂದ ಬಿಳಿ ಕಡ್ಡಿಯನ್ನು ಮಲಗಿಸಿ ಸವರಿ. ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೆ ಹೋಗಿ ಬನ್ನಿ. ಕೆ. ವೆಂಕಟಪ್ಪನವರು ಊಟಿ, ಕೊಡೈಕೆನಾಲುಗಳನ್ನು ಜಲವರ್ಣದಲ್ಲಿ ಬರೆದಿದ್ದಾರೆ. ಮಾಧ್ಯಮ ಬೇರೆ, ಆದರೆ ದೂರದ ಗುಡ್ಡಕ್ಕೆ ಎಷ್ಟು ಕಡಿಮೆ ಬಣ್ಣ ಸಾಕು ಎಂಬುದನ್ನು ಅವರಿಂದ ಕಲಿಯಬೇಕು. ಹತ್ತಿರದ ಬಣ್ಣದ ಧೈರ್ಯಕ್ಕೆ ರುಮಾಲೆ ಚನ್ನಬಸವಯ್ಯನವರ ಹೂಮರಗಳನ್ನು ನೋಡಿ.

ಫ್ರೇಮ್ ಕಟ್ಟುವವನು, ಬೆಂಗಳೂರು

ಅಡಿಕೆ ಹಾಳೆ ತೇವಕ್ಕೆ ಸೆಟೆಯುತ್ತದೆ, ಬೂಸಲಿಗೂ ಬೇಗ ತುತ್ತಾಗುತ್ತದೆ. ಅದರ ಮೇಲೆ ಪ್ರಯೋಗ ಮಾಡಿ ಆನಂದಿಸಿ, ಮಾರಬೇಡಿ. ಕೆಮ್ಮಣ್ಣಿನ ತಳಕ್ಕೆ ಗಟ್ಟಿ ಆಧಾರ ಬೇಕೆನಿಸಿದರೆ ಪ್ಲೈವುಡ್‌ನ ಎರಡೂ ಮಗ್ಗುಲಿಗೆ ಪ್ರೈಮರ್ ಹಚ್ಚಿ ಬಳಸಿ. ಒಂದೇ ಮಗ್ಗುಲಿಗೆ ಹಚ್ಚಿದರೆ ನಿಮ್ಮ ಹವೆಯಲ್ಲಿ ಹಲಗೆ ಬಾಗುತ್ತದೆ.

ಚಿತ್ರಕಲಾ ವಿದ್ಯಾರ್ಥಿ, ದಾವಣಗೆರೆ

ಹಿರಿಯರಿಗೆಲ್ಲ ನಮಸ್ಕಾರ. ನನ್ನ ಬಳಿ ಇರುವುದು 25 ಬಣ್ಣದ ಶಾಲಾ ಡಬ್ಬಿ ಮಾತ್ರ. ಗೆಸ್ಸೊ ಕೊಳ್ಳುವುದೂ ಈಗ ಕಷ್ಟ. ಏನು ಮಾಡಬಹುದು?

ಹಸೆಗೋಡೆ, ಸಾಗರ

ತಮ್ಮಾ, ಆ ಡಬ್ಬಿಯಿಂದ ಆಗುವ ಅತ್ಯುತ್ತಮ ಕೆಲಸ ಮೇಣದ ತಡೆ. ಒರಟು ಹ್ಯಾಂಡ್‌ಮೇಡ್ ಕಾಗದದಲ್ಲಿ ಮೊದಲು ಪೇಸ್ಟಲ್‌ನಿಂದ ಹುಲ್ಲು, ಕೊಂಬೆ, ನೀರಿನ ಹೊಳಪು ಬರೆ. ಮೇಲೆ ಜಲವರ್ಣ ಹರಿಸು. ಪೇಸ್ಟಲ್ ಇದ್ದಲ್ಲಿ ನೀರು ನಿಲ್ಲುವುದಿಲ್ಲ, ಬಿಳಿ ಹುಲ್ಲು ಕಡು ನೆಲದಿಂದ ಎದ್ದು ನಿಲ್ಲುತ್ತದೆ. ಮಣ್ಣಿಗೆ ದುಡ್ಡು ಕೊಡಬೇಕಾಗಿಲ್ಲ. ನಿಮ್ಮ ಕಡೆಯ ಎರೆಮಣ್ಣನ್ನು ನಾನು ಹೇಳಿದಂತೆ ತೊಳೆದು, ಜಾಲಿ ಗೋಂದಿನ ನೀರಿನಲ್ಲಿ ಅರೆದರೆ ಬೂದುಗಪ್ಪು ಜಲವರ್ಣ ಸಿದ್ಧ. ಒಂದು ಹನಿ ಲವಂಗದ ಎಣ್ಣೆ ಹಾಕಿಡು, ಬೂಸಲು ಬಾರದು. ಮೊದಲ ಚಿತ್ರ ಇಲ್ಲಿ ತೋರಿಸು.

ತುಂಗಾತೀರ, ತೀರ್ಥಹಳ್ಳಿ

ಎರಡು ತಳದ ಕಾಗದ ಒಣಗುತ್ತಿದೆ. ಪ್ರದರ್ಶನಕ್ಕೆ ಕೊಡುವುದು ಎಂದು ನಿರ್ಧರಿಸಿದ್ದೇನೆ. ಅರ್ಜಿಯ ಮಾಧ್ಯಮದ ಸಾಲಿನಲ್ಲಿ ಮಿಶ್ರ ಮಾಧ್ಯಮ ಎಂದು ಬರೆಯಲೇ?

ಡ್ರಾಯಿಂಗ್ ಮೇಷ್ಟ್ರು, ಧಾರವಾಡ

ಬೇಡ. ಬಳಸಿದ್ದನ್ನೆಲ್ಲ ಹೆಸರಿಸಿ: ಆಯಿಲ್ ಪೇಸ್ಟಲ್ ಮತ್ತು ತೀರ್ಥಹಳ್ಳಿಯ ಕೆಮ್ಮಣ್ಣು, ಗೆಸ್ಸೊ ಹಚ್ಚಿದ ಕಾಟನ್ ಕಾಗದದ ಮೇಲೆ. ಚಿತ್ರದ ಹಿಂಬದಿಯಲ್ಲೂ ಪೆನ್ಸಿಲ್‌ನಿಂದ ಇದನ್ನೇ ಬರೆದು, ಯಾವ ಕಂಪನಿಯ ಕಡ್ಡಿ, ಯಾವ ವರ್ಷ ಎಂದು ಸೇರಿಸಿ. ಮುಂದೆ ಯಾರಾದರೂ ಅದನ್ನು ಸರಿಪಡಿಸಬೇಕಾಗಿ ಬಂದರೆ ಅವರಿಗೆ ಮೊದಲು ಬೇಕಾಗುವುದು ಆ ಸಾಲು. ಕೊರಿಯರ್‌ನಲ್ಲಿ ಕಳುಹಿಸುವುದಾದರೆ ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಾಕಿಸಿ, ಅಂತರ ಮಾತ್ರ ಹಾಗೆಯೇ ಇರಲಿ.